ಅವ್ವನ ಮೊಣಕಾಲಿಗೆ ಹೊಂದುವ ಕಾರು

ಕಾರು ಕೊಳ್ಳಲು ಹೊರಟ ಮನುಷ್ಯ ಏನೆಲ್ಲ ವಿಚಾರಿಸುತ್ತಾನೆ! ಲೀಟರಿಗೆ ಎಷ್ಟು ದೂರ ಓಡುತ್ತದೆ, ಟೈರು ಯಾವಾಗಿನವು, ಮೊದಲು ಯಾರ ಕೈಯಲ್ಲಿತ್ತು, ಅವರು ಯಾಕೆ ಮಾರುತ್ತಿದ್ದಾರೆ, ಹಾರ್ನ್ ಹೊಡೆದರೆ ಪಕ್ಕದ ಓಣಿಗೆ ಕೇಳಿಸುತ್ತದೆಯೋ ಇಲ್ಲವೋ. ಒಳಗೆ ಕೂಡುವವರ ಮೊಣಕಾಲು ಹೇಗಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಾನು ಅದೊಂದನ್ನೇ ಕೇಳಿಕೊಂಡು ಹೊರಟವನು. ಎಂಬತ್ತರ ದಶಕದ ಕೊನೆಯಲ್ಲಿ ಕೈಯಲ್ಲೊಂದು ಜೋಳದ ದಂಟು ಹಿಡಿದು, ಕಂಡಕಂಡವರ ಕಾರಿನ ಬಾಗಿಲು ತೆಗೆಸಿ, ಸೀಟಿನ ಎತ್ತರ ಅಳೆಯುತ್ತ ಆಳಂದ, ಅಫಜಲಪುರ, ಜೇವರ್ಗಿ ಎಲ್ಲ ತಿರುಗಿದ ವಕೀಲನ ಬಗ್ಗೆ ನೀವು ಕೇಳಿದ್ದರೆ, ಅವನು ನಾನೇ. ಕೋರ್ಟಿನಲ್ಲಿ ನಾನು ಮಾಡಿದ ಒಂದು ವಾದವೂ ಆ ಕಡೆಯ ಜನರಿಗೆ ನೆನಪಿಲ್ಲ, ದಂಟು ಮಾತ್ರ ನೆನಪಿದೆ. ಹಟವೆನ್ನುವುದು ಗುಣವೋ ರೋಗವೋ ನನಗೆ ಈಗಲೂ ತಿಳಿಯದು. ಅದು ನನಗೆ ಅವ್ವನಿಂದ ಬಂತು ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ.

ಅವ್ವನಿಗೆ ಕೆಟ್ಟದ್ದು ಎಡಮೊಣಕಾಲು. ಬಲಗಾಲು ಗಟ್ಟಿಯಾಗಿಯೇ ಇತ್ತು. "ಬಲಗಾಲು ನನ್ನ ಮಾತು ಕೇಳ್ತದ. ಎಡಗಾಲು ನಿಮ್ಮಪ್ಪನಂಗ, ತನಗ ಮನಸ್ಸು ಬಂದಾಗ ಏಳ್ತದ" ಎಂದು ಆಕೆ ಬಂದವರಿಗೆಲ್ಲ ಹೇಳುತ್ತಿದ್ದಳು. ಅಪ್ಪ ತೀರಿಕೊಂಡು ಬಹಳ ಕಾಲವಾಗಿದ್ದರಿಂದ ಆ ಮಾತಿಗೆ ಎದುರುತ್ತರ ಕೊಡುವವರಿರಲಿಲ್ಲ. ಗೋಡೆ ಹಿಡಿದು ಹೊರಸೆಂಬ ಹಗ್ಗದ ಮಂಚದ ಮೇಲೆ ಕೂಡುವುದು, ಏಳುವುದು, ಅಡುಗೆಮನೆಯಲ್ಲಿ ನನ್ನ ಹೆಂಡತಿ ಕಸ್ತೂರಿ ಬಡಿಯುವ ರೊಟ್ಟಿ ತೆಳ್ಳಗಾಗಲಿಲ್ಲವೆಂದು ಬಾಗಿಲಲ್ಲಿ ನಿಂತು ಹೇಳುವುದು, ಸಂಜೆ ಮುಂದಿನ ಕಟ್ಟೆಗೆ ಬಂದು ಓಣಿಯ ಸುದ್ದಿ ಕೇಳುವುದು, ಇಷ್ಟಕ್ಕೆಲ್ಲ ಆ ಕಾಲುಗಳು ಸಾಕಾಗುತ್ತಿದ್ದವು. ಜೇವರ್ಗಿಗೆ ಹೋಗಲು ಸಾಕಾಗುತ್ತಿರಲಿಲ್ಲ. ಜೇವರ್ಗಿಯಲ್ಲಿ ಅವ್ವನ ತಂಗಿ, ಅಂದರೆ ನಮ್ಮ ಚಿಗವ್ವ ಇದ್ದಳು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಈಕೆ ಹೋಗುವಂತಿಲ್ಲ, ಆಕೆ ಬರುವಂತಿಲ್ಲ. ಪಂಚಮಿ ಬಂದು ಹೋಯಿತು, ದೀಪಾವಳಿ ಬಂದು ಹೋಯಿತು. ಅಕ್ಕತಂಗಿಯರ ನಡುವೆ ಬಸ್ ಡ್ರೈವರುಗಳ ಕೈಯಲ್ಲಿ ಶೇಂಗಾ ಹೋಳಿಗೆ, ಸಜ್ಜೆ ರೊಟ್ಟಿ, ಬೈಗುಳ ಮಾತ್ರ ಓಡಾಡುತ್ತಿದ್ದವು.

ಒಮ್ಮೆ ಬಸ್ಸಿನಲ್ಲೇ ಕರೆದುಕೊಂಡು ಹೋಗುವ ಪ್ರಯತ್ನವನ್ನೂ ಮಾಡಿದೆವು. ನಮ್ಮ ಕಡೆಯ ಬಸ್ಸಿನ ಮೊದಲ ಮೆಟ್ಟಿಲು ಎಂಥ ಎತ್ತರದಲ್ಲಿರುತ್ತದೆಂಬುದು ಏರಿದವರಿಗೆ ಗೊತ್ತು. ಮೇಲಿನಿಂದ ಕಂಡಕ್ಟರ್ ಎಳೆದ, ಕೆಳಗಿನಿಂದ ನಾನು ದಬ್ಬಿದೆ, ಒಳಗಿದ್ದವರು ಸಲಹೆ ಕೊಟ್ಟರು. ಅವ್ವ ನಡುವೆ ನಿಂತು ಇಬ್ಬರಿಗೂ ಬಾಯಿಗೆ ಬಂದಂತೆ ಬೈದು ಮನೆಗೆ ಹೊರಳಿದಳು. ಆಮೇಲೆ ಬಾಡಿಗೆ ಕಾರು ತರಿಸಿದೆ. ಆಕೆ ಒಳಗೆ ಕೂಡಲು ಒದ್ದಾಡುವುದನ್ನು ನೋಡಲಾರದೆ ನಾನೂ ಡ್ರೈವರನೂ ಸೇರಿ ರಟ್ಟೆಗೆ ಕೈ ಹಾಕಿ ಎತ್ತಲು ಹೋದೆವು. ಅವ್ವ ನನ್ನ ಕೈಗೆ ಫಟ್ಟನೆ ಹೊಡೆದಳು.

"ಹೆಣಾ ಎತ್ತಿದಂಗ ಎತ್ತಬ್ಯಾಡ್ರಿ. ನನ್ನ ಕಾಲಿಲೆ ನಾ ಹತ್ತಬೇಕು, ನನ್ನ ಕಾಲಿಲೆ ನಾ ಇಳೀಬೇಕು. ಅಕಿ ಒಬ್ಬಾಕಿ ಹಾಸಿಗಿ ಹಿಡಿದಾಳ. ಅಕ್ಕನ್ನೂ ಹೊತಗೊಂಡು ಬಂದ್ರು ಅಂತ ನೋಡಿದ್ರ ಅಕಿಗಿ ಧೈರ್ಯ ಎಲ್ಲಿಂದ ಬರಬೇಕು? ಹಂಗ ಹೋಗೂದಾದ್ರ ಹೋಗೂದ ಬ್ಯಾಡ."

ಆ ಮಾತು ನನಗೆ ನಾಟಿತು. ಅಲ್ಲೇ, ಬಾಡಿಗೆಯ ಡ್ರೈವರನ ಎದುರಿಗೇ, "ಅವ್ವಾ, ನೀ ನಿನ್ನ ಕಾಲಿಲೆ ಹತ್ತಿ ಕೂಡುವಂಥ ಗಾಡಿ ನಾ ತರ್ತೀನಿ. ಅದು ಎಲ್ಲೇ ಇರಲಿ" ಎಂದುಬಿಟ್ಟೆ. ಅಷ್ಟು ಹೊತ್ತಿಗೆ ನನಗೆ ಸ್ಕೂಟರ್ ಬಿಟ್ಟರೆ ಬೇರೆ ಗಾಡಿ ನಡೆಸಿ ಗೊತ್ತಿರಲಿಲ್ಲ ಎಂಬುದನ್ನು ಕಸ್ತೂರಿ ಆಮೇಲೆ ನೆನಪಿಸಿದಳು.

ವಕೀಲನ ತಲೆ ಎಂದರೆ ಮೊದಲು ಸಾಕ್ಷ್ಯ ಹುಡುಕುವ ತಲೆ. ಅವ್ವ ಯಾರ ಸಹಾಯವೂ ಇಲ್ಲದೆ ಕೂತು ಏಳುವುದು ಯಾವುದರ ಮೇಲೆ? ಹೊರಸಿನ ಮೇಲೆ. ಹಾಗಾದರೆ ಹೊರಸಿನಷ್ಟೇ ಎತ್ತರದ ಸೀಟಿರುವ ಕಾರು ಸಿಕ್ಕರೆ ಮೊಕದ್ದಮೆ ಗೆದ್ದಂತೆ. ಹಿತ್ತಲಿನ ಬಣಿವೆಯಿಂದ ಒಂದು ಜೋಳದ ದಂಟು ಎಳೆದುಕೊಂಡು, ಹೊರಸಿನ ಪಕ್ಕ ನಿಲ್ಲಿಸಿ, ಸರಿಯಾಗಿ ಕತ್ತರಿಸಿದೆ. ಮೊದಲನೆಯ ದಂಟನ್ನು ಕಿಟಕಿಯಲ್ಲಿ ಇಟ್ಟಿದ್ದೆ, ಎಮ್ಮೆ ತಿಂದಿತು. ಎರಡನೆಯದನ್ನು ಕತ್ತರಿಸುವಾಗ ಕಸ್ತೂರಿ ಇನ್ನೊಂದು ತಕರಾರು ತೆಗೆದಳು. "ಏನ್ರಿ, ಅತ್ತಿ ಕುಂತಾಗ ಹೊರಸಿನ ಹಗ್ಗ ಜಗ್ಗತದಲ್ರಿ? ಖಾಲಿ ಹೊರಸು ಅಳದ್ರ ಹೆಂಗ?" ಮಾತು ನಿಜವಾಗಿತ್ತು. ಅವ್ವನನ್ನು ಹೊರಸಿನ ಮೇಲೆ ಕೂರಿಸಿ, ನಾನು ನೆಲದ ಮೇಲೆ ಅಂಗಾತ ಮಲಗಿ, ಹಗ್ಗ ಎಲ್ಲಿಯವರೆಗೆ ಜಗ್ಗಿದೆ ಎಂದು ಗುರುತು ಹಾಕಿಕೊಂಡೆ. ಅದೇ ಹೊತ್ತಿಗೆ ಬಂದ ಕಕ್ಷಿದಾರನೊಬ್ಬ ವಕೀಲರು ಹೊರಸಿನ ಕೆಳಗೆ ಮಲಗಿರುವುದನ್ನು ಕಂಡು, ಆಮೇಲೆ ಬರುತ್ತೇನೆಂದು ಹೋದವನು ಮತ್ತೆ ಬರಲಿಲ್ಲ.

ಈ ಕೆಲಸಕ್ಕೆ ನನಗೆ ಜೊತೆಯಾದವನು ಖಾಜಾ ಮಿಯಾ. ನಮ್ಮೂರು ಆಳಂದದಲ್ಲಿ ಯಾರು ಯಾವ ಗಾಡಿ ಮಾರಿದರೂ ಕೊಂಡರೂ ನಡುವೆ ಅವನು ಇರಲೇಬೇಕು. ಅವನಿಗೆ ಅನುಮಾನವೆಂಬುದೇ ಗೊತ್ತಿರಲಿಲ್ಲ. "ವಕೀಲ್ ಸಾಬ್, ಅಮ್ಮಾರ ಸಲುವಾಗಿ ಏಕ್ ನಂಬರ್ ಗಾಡಿ ಕೊಡಸ್ತೀನ್ರಿ. ಫಿಕರ್ ಮಾಡಬ್ಯಾಡ್ರಿ" ಎಂದು ಪ್ರತಿ ಸಲವೂ ಹೇಳುತ್ತಿದ್ದ, ಪ್ರತಿ ಸಲವೂ ಹೊಸದಾಗಿ ನಂಬುತ್ತಿದ್ದ. ಜೀಪನ್ನು ನಾವಿಬ್ಬರೂ ನೋಡಿದೊಡನೆ ಬಿಟ್ಟೆವು. ಅದನ್ನು ಹತ್ತಲು ಅವ್ವನಿಗೆ ಏಣಿ ಬೇಕಾಗುತ್ತಿತ್ತು. ಊರಿನ ಡಾಕ್ಟರರೊಬ್ಬರ ಹತ್ತಿರ ಆಗ ಹೊಸದಾಗಿ ಬಂದಿದ್ದ ಪುಟ್ಟ ಕಾರಿತ್ತು. ಅವರಿಗೆ ಮಾರುವ ಯೋಚನೆಯೇ ಇರಲಿಲ್ಲ, ಆದರೂ ನಾನು ಅವರ ದವಾಖಾನೆಯ ಮುಂದೆ ಕಾದು ನಿಂತು, ಬಾಗಿಲು ತೆಗೆಸಿ, ದಂಟು ಇಟ್ಟು ನೋಡಿದೆ. ಸೀಟು ಅರ್ಧ ದಂಟಿಗೆ ಮುಗಿಯಿತು. "ನಿಮ್ಮ ತಾಯಿಯವರಿಗಿಂತ ಮೊದಲು ನಿಮಗ ಔಷಧ ಕೊಡಬೇಕು" ಎಂದು ಡಾಕ್ಟರರು ಹೇಳಿದರು. ನಾನು ಅದನ್ನು ಹಾರೈಕೆಯೆಂದು ತಿಳಿದು ಮುಂದೆ ನಡೆದೆ. ಭೂಸನೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಕಳಿಸುವ ಗೌಡರೊಬ್ಬರು, ಕಾರು ನೋಡಲು ಬಂದವನು ಎಂಜಿನ್ನಿನ ಕಡೆ ತಿರುಗಿಯೂ ನೋಡದೆ ಹಿಂದಿನ ಸೀಟಿಗೆ ದಂಟು ಹಚ್ಚಿದ್ದನ್ನು ಕಂಡು, ಇವನು ಯಾವುದೋ ಇಲಾಖೆಯ ತಪಾಸಣೆಯವನಿರಬೇಕೆಂದು ಹೆದರಿ ಚಹಾ ಕುಡಿಸಿ ಕಳಿಸಿದರು.

ಜೇವರ್ಗಿಯಲ್ಲಿ ಒಂದು ಗಾಡಿಯಿದೆ ಎಂದು ಕೇಳಿ ಅಲ್ಲಿಗೂ ಹೋದೆ. ಗಾಡಿ ಹೊಂದಲಿಲ್ಲ. ಹೋದವನು ಚಿಗವ್ವನನ್ನು ನೋಡಲು ಹೋದೆ. ಆಕೆ ಪಡಸಾಲೆಯ ಮಂಚದ ಮೇಲೆ ಮಲಗಿ ಬಾಗಿಲ ಕಡೆಗೇ ಮುಖ ಮಾಡಿದ್ದಳು. ನನ್ನ ಕೈಯಲ್ಲಿ ದಂಟು ಕಂಡು ಏನೆಂದು ಕೇಳಿದಳು. ನಾನು ಹೊರಸಿನ ಎತ್ತರ, ಸೀಟಿನ ಎತ್ತರ, ಹಗ್ಗ ಜಗ್ಗುವ ಪ್ರಮಾಣ ಎಲ್ಲವನ್ನೂ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡಳು.

"ಶರಣಪ್ಪಾ, ನಾ ಸತ್ತ ಮ್ಯಾಲ ಮಣ್ಣಿಗಿ ಬರೂದಕ್ಕ ಅಕ್ಕಗ ಯಾವ ಗಾಡಿ ಆದ್ರೂ ನಡೀತದ. ಆವಾಗ ಎತಗೊಂಡಾರ ಬರ್ತೀರಿ. ಈಗ ಬಂದ್ರ ನಾಕ್ ಮಾತು ಆಡ್ಲಿಕ್ಕ ಬರ್ತದ. ತಡಾ ಮಾಡಬ್ಯಾಡ, ಲಗೂ ಅಳದು ಮುಗಸಪಾ."

ಅಷ್ಟು ಹೇಳಿ ನಕ್ಕಳು. ನನಗೆ ನಗಲು ಬರಲಿಲ್ಲ. ಅಲ್ಲಿಂದ ಹೊರಬಿದ್ದಾಗ ನಾನು ಹೊಂದುವ ಕಾರು ಎಲ್ಲಿದ್ದರೂ ಸರಿ, ತೆಗೆದುಕೊಂಡೇ ಆಳಂದಕ್ಕೆ ಹೋಗುವವನೆಂದು ನಿಶ್ಚಯಿಸಿದ್ದೆ.

ಕಾರು ಸಿಕ್ಕಿದ್ದು ಅಫಜಲಪುರದಲ್ಲಿ. ಹಳೆಯ ಅಂಬಾಸಿಡರ್, ಕೆನೆಬಣ್ಣದ್ದು. ದಂಟು ಇಟ್ಟೆ. ದಂಟಿನ ತುದಿಯೂ ಸೀಟೂ ಒಂದಕ್ಕೊಂದು ಸರಿಸಮ. ಖಾಜಾ ಮಿಯಾ "ವ್ಹಾ!" ಎಂದ. ಬಾಗಿಲು ಅಗಲ, ಒಳಗೆ ಕಾಲು ಚಾಚಲು ಜಾಗ, ಮೇಲೆ ತಲೆಗೆ ಜಾಗ. ಎಂಜಿನ್ನಿನಿಂದ ಎಂಥದೋ ಶಬ್ದ ಬರುತ್ತಿತ್ತು, ಅದು ನನ್ನ ವಿಚಾರಣೆಯ ವ್ಯಾಪ್ತಿಗೆ ಬರುವಂಥದ್ದಲ್ಲವೆಂದು ಬಿಟ್ಟೆ. ಕಾರು ಆಳಂದಕ್ಕೆ ಬಂತು. ಮನೆಯ ಕಟ್ಟೆಯ ಪಕ್ಕ ನಿಂತಿತು. ಓಣಿಯ ಜನ ಸೇರಿದರು. ಕಸ್ತೂರಿ ಆರತಿ ತಂದಳು. ಖಾಜಾ ಮಿಯಾ ಹಿಂದಿನ ಎಡಬಾಗಿಲು ತೆಗೆದು ನಿಂತ. "ಮಾಲಕರು ಎಡಗಡಿ ಬಾಗಲದಿಂದ ಹತ್ತಬೇಕ್ರಿ. ಬಲಗಡಿ ಡ್ರೈವರ್ ಬಾಜೂ. ಅದು ರಿವಾಜ್ ಅದ" ಎಂದ.

ಇಲ್ಲಿ ನನ್ನ ಒಂದು ಗುಟ್ಟು ಹೇಳಬೇಕು. ಪ್ರತಿವರ್ಷ ಬಸವ ಜಯಂತಿಯ ದಿನ ಮೈಕಿನ ಮುಂದೆ ನಿಂತು, ಶಕುನ, ಮುಹೂರ್ತ, ಎಡ, ಬಲ ಎಲ್ಲ ಬರೀ ಭ್ರಮೆ ಎಂದು ಭಾಷಣ ಮಾಡುವವನು ನಾನು. ಚಪ್ಪಾಳೆಯೂ ಬೀಳುತ್ತದೆ. ಆದರೆ ಭಾಷಣ ಭಾಷಣವೇ, ಹೊಸ ಗಾಡಿ ಹೊಸ ಗಾಡಿಯೇ. ಅವ್ವ ಬಾಗಿಲ ಹತ್ತಿರ ಬಂದಳೋ ಇಲ್ಲವೋ, "ಅವ್ವಾ, ಬಲಗಾಲು! ಬಲಗಾಲು ಮೊದಲ ಇಡು!" ಎಂದು ಕೂಗಿದೆ. ಓಣಿಯ ಮಂದಿಯೂ ದನಿಗೂಡಿಸಿದರು. ಅವ್ವ ಬಾಗಿಲು ಹಿಡಿದು, ಬಲಗಾಲು ಒಳಗಿಟ್ಟು, ಕೂಡಲು ಬಗ್ಗಿದಳು. ಬಗ್ಗುತ್ತಿದ್ದಂತೆ "ಅಯ್ಯಯ್ಯಯ್ಯೋ" ಎಂದು ಕಾಲು ಹೊರಗೆಳೆದುಕೊಂಡು ಕಟ್ಟೆಯ ಮೇಲೆ ಕುಸಿದಳು. ಇನ್ನೊಮ್ಮೆ ಹಾಗೆಯೇ ಆಯಿತು. ಬಡಗಿಯಿಂದ ಕಾಲಮಣೆ ಮಾಡಿಸಿ ಇಟ್ಟೆ, ಆಗಲಿಲ್ಲ. ಸೀಟಿನ ಮೇಲೆ ಕೌದಿ ಮಡಚಿ ಹಾಕಿ ಎತ್ತರ ಮಾಡಿದೆ, ತಲೆ ಛಾವಣಿಗೆ ಬಡಿಯಿತು. ದಂಟು ಮತ್ತೆ ಇಟ್ಟು ನೋಡಿದೆ, ಅಳತೆ ಸರಿಯಾಗಿಯೇ ಇತ್ತು. ಹೊರಸಿನ ಮೇಲೆ ಕೂಡುವ ಹೆಣ್ಣುಮಗಳು ಅಷ್ಟೇ ಎತ್ತರದ ಸೀಟಿನ ಮೇಲೆ ಯಾಕೆ ಕೂಡಲಾರಳೆಂಬುದು ನನಗೂ ತಿಳಿಯಲಿಲ್ಲ, ಖಾಜಾ ಮಿಯಾನಿಗೂ ತಿಳಿಯಲಿಲ್ಲ. ಅವನು ಕಾರನ್ನು ಮಾರಿಬಿಡೋಣ, ಇದಕ್ಕಿಂತ ಏಕ್ ನಂಬರ್ ಗಾಡಿ ಇನ್ನೊಂದಿದೆ ಎಂದ.

ನಾನು ಮಾರಲಿಲ್ಲ. ಹಟಕ್ಕೆ ಬಿದ್ದು ಕಾರು ಕಲಿತೆ. ನರೋಣಾ ರಸ್ತೆಯಲ್ಲಿ ಖಾಜಾ ಮಿಯಾ ಪಕ್ಕದಲ್ಲಿ ಕೂತು ಜೀವ ಬಿಗಿಹಿಡಿದುಕೊಂಡು ಕಲಿಸಿದ. ದಿನವೂ ಕಾರು ಹತ್ತಿ ಕೋರ್ಟಿಗೆ ಹೋಗುವುದು, ಬಂದು ಕಟ್ಟೆಯ ಪಕ್ಕ ನಿಲ್ಲಿಸುವುದು. ಯಾರ ಸಲುವಾಗಿ ತಂದೆವೋ ಆಕೆ ಕಟ್ಟೆಯ ಮೇಲೆ ಕೂತು ಅದನ್ನು ನೋಡುತ್ತಿದ್ದಳು. ನಡುನಡುವೆ ಬಾನೆಟ್ಟಿನ ಮೇಲೆ ಮೆಣಸಿನಕಾಯಿ ಒಣಗಲು ಹಾಕಿಸುತ್ತಿದ್ದಳು. "ಬಿಸಲಿಗಿ ಲಗೂ ಒಣಗತಾವ. ಚೊಲೋ ಗಾಡಿ ತಂದಿ" ಎನ್ನುತ್ತಿದ್ದಳು. ಆ ಮಾತಿನಲ್ಲಿ ಚುಚ್ಚಿದ್ದು ಎಷ್ಟು, ಸಮಾಧಾನ ಮಾಡಿದ್ದು ಎಷ್ಟು ಎಂದು ಅಳೆಯಲು ನನ್ನ ಹತ್ತಿರ ದಂಟು ಇರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಜೇವರ್ಗಿ ಬಸ್ಸಿನ ಡ್ರೈವರ್ ರೊಟ್ಟಿಯ ಗಂಟನ್ನು ಹಾಗೆಯೇ ಹಿಂದಕ್ಕೆ ತಂದ. ಚಿಗವ್ವ ಏನನ್ನೂ ಬಾಯಿಗೆ ಹಚ್ಚುತ್ತಿಲ್ಲವಂತೆ, ಯಾರು ಹೇಳಿದರೂ ಕೇಳುತ್ತಿಲ್ಲವಂತೆ. ಸುದ್ದಿ ಕೇಳಿ ನಾನು ಕೋರ್ಟಿನಿಂದ ಕಾರು ಓಡಿಸಿಕೊಂಡು ಬಂದೆ. ಓಣಿಯ ಬಾಯಿಗೆ ಮೇವು ತುಂಬಿದ ಚಕ್ಕಡಿಯೊಂದು ಅಡ್ಡ ನಿಂತಿತ್ತು. ಸುತ್ತಿ ಹಿಂದಿನ ದಾರಿಯಿಂದ ಬಂದು, ತಿರುಗಿಸಲು ಬಾರದೆ, ಕಾರನ್ನು ಉಲ್ಟಾ ದಿಕ್ಕಿಗೇ ಮನೆ ಮುಂದೆ ನಿಲ್ಲಿಸಿದೆ. ಅವ್ವ ಆಗಲೇ ಹೊಸ ಇಳಕಲ್ ಸೀರೆ ಉಟ್ಟು ಕಟ್ಟೆಯ ಮೇಲೆ ಕೂತಿದ್ದಳು.

"ಎತ್ತಿ ಹಾಕ್ರಿ" ಎಂದಳು. "ಇವತ್ತ ನಾ ಏನೂ ಅನ್ನಂಗಿಲ್ಲ. ಎತ್ತಿ ಹಾಕಿ ನಡೀರಿ."

ಅವ್ವ ಬೈದದ್ದು ನನಗೆ ರೂಢಿಯಿತ್ತು. ಸೋತದ್ದನ್ನು ನೋಡಿ ರೂಢಿಯಿರಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿದ್ದ ಕೋರ್ಟಿನ ಕಾಗದಪತ್ರ ತೆಗೆದುಕೊಂಡು, ಬಾಗಿಲನ್ನು ತೆರೆದೇ ಬಿಟ್ಟು, ಎತ್ತಲು ಜನ ಕರೆಯಲೆಂದು ಪಕ್ಕದ ಮನೆಗೆ ಹೋದೆ. ಇಬ್ಬರನ್ನು ಕರೆದುಕೊಂಡು ಹೊರಳಿ ಬರುತ್ತೇನೆ, ಕಟ್ಟೆಯ ಮೇಲೆ ಅವ್ವ ಇಲ್ಲ. ಕಾರಿನ ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ರೊಟ್ಟಿಯ ಗಂಟು ಇಟ್ಟುಕೊಂಡು, ನೆಟ್ಟಗೆ ಕೂತಿದ್ದಾಳೆ.

"ಅವ್ವಾ, ಹೆಂಗ ಹತ್ತಿದಿ?"

"ಹೆಂಗಂದ್ರ? ಬಾಗಲಾ ತೆರದಿತ್ತು. ಎಡಗಾಲ ಒಳಗ ಇಟ್ಟೆ, ಬಲಗಾಲ ಮ್ಯಾಲ ಭಾರ ಹಾಕಿ ಕುಂತೆ. ಹೊರಸಿನ ಮ್ಯಾಲ ಕುಂತಂಗ ಕುಂತೆ."

ಕಾರು ಉಲ್ಟಾ ನಿಂತಿದ್ದರಿಂದ ಕಟ್ಟೆಯ ಕಡೆಗೆ ಬಂದದ್ದು ಬಲಬಾಗಿಲು. ಬಲಬಾಗಿಲಿನಿಂದ ಹತ್ತುವವರಿಗೆ ಎಡಗಾಲು ಮೊದಲು ಒಳಗೆ ಹೋಗುತ್ತದೆ, ಕೂಡುವಾಗ ಭಾರವೆಲ್ಲ ಬಲಗಾಲಿನ ಮೇಲೆ ಬೀಳುತ್ತದೆ. ನಾವು ಇಷ್ಟು ದಿನ ರಿವಾಜೆಂದು ಎಡಬಾಗಿಲಿಗೆ ಕರೆದು, ಶಾಸ್ತ್ರವೆಂದು ಬಲಗಾಲು ಇಡಿಸಿ, ಆಕೆಯ ಪೂರ್ತಿ ಭಾರವನ್ನು ಆ ಕೆಟ್ಟ ಎಡಮೊಣಕಾಲಿನ ಮೇಲೆ ಹೇರಿಸುತ್ತಿದ್ದೆವು. ಬಾಡಿಗೆಯ ಕಾರಿನಲ್ಲೂ ಹಾಗೆಯೇ ಮಾಡಿದ್ದೆವು. ಬಾಗಿಲು ಬದಲಿಸಿದ್ದರೆ ಅವತ್ತೇ ಜೇವರ್ಗಿಗೆ ಹೋಗಬಹುದಿತ್ತು. ಇಷ್ಟನ್ನೂ ನಾನು ಆಗ ಅಲ್ಲಿ ನಿಂತು ಯೋಚಿಸಿದೆನೆಂದು ನೀವು ತಿಳಿದಿದ್ದರೆ, ನನ್ನ ಪರಿಚಯ ನಿಮಗೆ ಇನ್ನೂ ಸರಿಯಾಗಿ ಆಗಿಲ್ಲ. ನಾನು ಅಂದದ್ದು ಹೀಗೆ: "ಅಲ್ಲಬೇ ಅವ್ವಾ, ಎಡಗಾಲ ಇಟ್ಟು ಹತ್ತಿದೆಲ್ಲ! ಚಿಗವ್ವಗ ಆರಾಮ ಇಲ್ಲ, ಇಂಥ ಹೊತ್ತಿನಾಗ... ಒಂದೀಟು ಇಳದು ಬಲಗಾಲ ಇಟ್ಟು ಹತ್ತು."

ಕಸ್ತೂರಿ ಹಣೆ ಬಡಿದುಕೊಂಡಳು. ಅವ್ವ ರೊಟ್ಟಿಯ ಗಂಟನ್ನು ಪಕ್ಕಕ್ಕಿಟ್ಟಳು.

"ಲೇ ಶರಣ್ಯಾ, ನೀ ದಿನಾ ಈ ಗಾಡಿ ಹತ್ತಾವ. ನಾ ದಿನಾ ಕಟ್ಟಿ ಮ್ಯಾಲ ಕುಂತು ನೋಡಾಕತ್ತೇನಿ. ನೀ ಯಾವ ಕಾಲು ಇಟ್ಟು ಹತ್ತತಿ?"

"ಬಲಗಾಲ" ಎಂದೆ, ಪ್ರಮಾಣ ಮಾಡುವ ದನಿಯಲ್ಲಿ.

"ಹತ್ತು, ನೋಡೂಣು."

ಡ್ರೈವರನ ಬಾಗಿಲು ತೆಗೆದೆ. ನನಗೆ ತಿಳಿಯುವ ಮೊದಲೇ ಎಡಗಾಲು ಒಳಗೆ ಹೋಗಿತ್ತು. ಓಣಿಯ ಜನ ಹೋ ಎಂದರು. ಕಾಲು ಹೊರಗೆ ತೆಗೆದು, ಹಟದಿಂದ ಬಲಗಾಲು ಮೊದಲು ಇಟ್ಟೆ. ಆ ಕಾಲು ಸ್ಟೀರಿಂಗಿನ ಕೆಳಗೆ ಅಡ್ಡ ಸಿಕ್ಕಿ, ಮೈ ಬಾಗಿಲ ಕಡೆಗೆ ತಿರುಗಿ, ಒಂದು ಕೈ ಹಾರ್ನಿನ ಮೇಲೆ ಬಿದ್ದು, ಬೆನ್ನು ಪೆಡಲುಗಳ ಕಡೆಗೆ ಹೋಯಿತು. ಹಾರ್ನ್ ಕೂಗುತ್ತಲೇ ಇತ್ತು. ಅಷ್ಟರಲ್ಲಿ ಬಂದ ಖಾಜಾ ಮಿಯಾ ನನ್ನ ರಟ್ಟೆಗೆ ಕೈ ಹಾಕಿ ಹೊರಗೆಳೆದ. "ವಕೀಲ್ ಸಾಬ್, ಎಲ್ಲಾ ಡ್ರೈವರ್ ಮಂದಿ ಎಡಗಾಲ ಇಟ್ಟೇ ಹತ್ತತೇವ್ರಿ. ಅಲ್ಲಾ ಕಸಮ್, ಇವತ್ತೇ ಖಬರಾತು ನನಗೂ" ಎಂದು ನಕ್ಕ. ಎತ್ತಬಾರದೆಂದು ಹಟ ಹಿಡಿದ ಅವ್ವ ತಾನೇ ಹತ್ತಿ ಕೂತಿದ್ದಳು, ಎತ್ತಿಸಿಕೊಂಡವನು ನಾನಾಗಿದ್ದೆ.

ಕಡಗಂಚಿ ದಾಟಿ, ಗುಲ್ಬರ್ಗಾ ದಾಟಿ, ಭೀಮಾ ಹೊಳೆಯ ಸೇತುವೆಗೆ ಬಂದೆವು. ಅವ್ವ ಹೊಳೆಗೆ ಕೈ ಮುಗಿದು, "ಅಕಿ ಬಾಗಲಿಗಿ ಬಲಗಡಿ ಬಾಜೂ ಹಚ್ಚಿ ನಿಂದ್ರಸು" ಎಂದಳು. ಹಾಗೆಯೇ ನಿಲ್ಲಿಸಿದೆ. ಬಾಗಿಲು ತೆಗೆದೆ, ಕೈ ಕೊಡಲು ಹೋಗಲಿಲ್ಲ. ಬಲಬಾಗಿಲಿನಿಂದ ಇಳಿಯುವವರಿಗೆ ಮೊದಲು ನೆಲ ಮುಟ್ಟುವುದು ಬಲಗಾಲು. ಅವ್ವ ಅದನ್ನು ಗಟ್ಟಿಯಾಗಿ ಊರಿ ಎದ್ದು ನಿಂತಳು. "ನಿನ್ನ ಶಾಸ್ತ್ರಾನೂ ಆತು, ಬಾ" ಎಂದು, ಸೆರಗು ಸರಿ ಮಾಡಿಕೊಂಡು, ಗೋಡೆ ಹಿಡಿದು, ತನ್ನ ಕಾಲಿನ ಮೇಲೆ ತಾನು ನಡೆದು ಪಡಸಾಲೆಗೆ ಹೋದಳು. ಮಂಚದ ಮೇಲಿದ್ದ ಚಿಗವ್ವ ದಿಂಬಿನಿಂದ ತಲೆ ಎತ್ತಿದಳು.

"ಅಕ್ಕಾ! ಯಾರು ಎತಗೊಂಡು ಬಂದ್ರು?"

"ಯಾರ ಎತ್ತತಾರ? ನಾನೇ ಬಂದೀನಿ. ಏಳು, ರೊಟ್ಟಿ ತಂದೀನಿ, ತಿನ್ನು."

ಚಿಗವ್ವ ಅತ್ತಳು, ಆಮೇಲೆ ಬೈದಳು, ಆಮೇಲೆ ತಿಂದಳು. ಇಷ್ಟು ದಿನ ಯಾಕೆ ಬರಲಿಲ್ಲವೆಂದು ಕೇಳಿದಳು. ಅವ್ವ ನನ್ನ ಕಡೆ ನೋಡಿದಳು. ಈಗ ನನ್ನ ಮರ್ಯಾದೆ ಹೋಯಿತೆಂದು ನಾನು ನೆಲ ನೋಡಿದೆ. "ಕಾಲು ಸುದ್ದ ಇರಲಿಲ್ಲ" ಎಂದಳು ಅವ್ವ. ಯಾರ ಕಾಲೆಂದು ಹೇಳಲಿಲ್ಲ. ಆಮೇಲೆ ಚಿಗವ್ವ ಇರುವವರೆಗೂ ಆ ಕಾರು ಹಬ್ಬಹುಣ್ಣಿಮೆಗೆಲ್ಲ ಜೇವರ್ಗಿಯ ದಾರಿ ಹಿಡಿಯಿತು.

ಈಗ ಆ ಅಕ್ಕತಂಗಿಯರಿಬ್ಬರೂ ಇಲ್ಲ, ಕೆನೆಬಣ್ಣದ ಕಾರೂ ಇಲ್ಲ. ಮೊಣಕಾಲು ನೋವು ಮಾತ್ರ ಹಟದ ಜೊತೆಗೆ ನನಗೇ ಬಂದಿದೆ, ನನಗೆ ಬಲಗಾಲಿನಲ್ಲಿ. ಎಡಗಾಲು ಒಳಗಿಟ್ಟು ಬಲಗಾಲಿನ ಮೇಲೆ ಭಾರ ಹಾಕಿ ಡ್ರೈವರ್ ಸೀಟಿಗೆ ಕೂಡುವುದು ನನ್ನಿಂದಾಗದು. ಆದ್ದರಿಂದ ಕಸ್ತೂರಿ ಕಾರು ಕಲಿತಳು, ನನಗಿಂತ ಚೆನ್ನಾಗಿ ತಿರುಗಿಸುತ್ತಾಳೆ. ನಾನು ಎಡಬಾಗಿಲಿನಿಂದ, ಬಲಗಾಲು ಮೊದಲು ಇಟ್ಟು ಹತ್ತುತ್ತೇನೆ. ಮೊನ್ನೆ ಕೋರ್ಟಿನ ಮುಂದೆ ಹೊಸ ವಕೀಲನೊಬ್ಬ ಅದನ್ನು ಗಮನಿಸಿ, "ಸರ್, ನೀವು ಈಗಲೂ ಶಾಸ್ತ್ರ ತಪ್ಪಸಂಗಿಲ್ಲ ನೋಡ್ರಿ" ಎಂದು ಭಕ್ತಿಯಿಂದ ಹೇಳಿದ. ನಾನು ಗಂಭೀರವಾಗಿ ತಲೆಯಾಡಿಸಿದೆ. ಕಸ್ತೂರಿ ಆ ಕಡೆಯ ಬಾಗಿಲಿನಿಂದ ಎಡಗಾಲಿಟ್ಟು ಹತ್ತಿ ಕೂತು, ಅವನಿಗೆ ಕೇಳುವ ಹಾಗೆ, "ಲಗೂ ಕೂಡ್ರಿ. ಏನ್, ಎತ್ತಿ ಹಾಕಬೇಕೇನು?" ಎಂದಳು.